ಸೀಟು, ಕನ್ನಡಿ, ಬೆಲ್ಟು, ಬಟನ್ನು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಬಡಾವಣೆಯವರೆಲ್ಲ ಸೇರಿ ಇಟ್ಟ ಹೆಸರು ಕ್ಲಚ್ ಮೇಷ್ಟ್ರು. ಅವರ ಹತ್ತಿರ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರು ಹುಡುಕಿದರೂ ಸಿಗುತ್ತಿರಲಿಲ್ಲ. ಕಾರು ಹತ್ತಿದ ಕೂಡಲೇ ಶಿಷ್ಯರು ಮಗ್ಗಿ ಒಪ್ಪಿಸುವ ಹಾಗೆ ರಾಗವಾಗಿ ಹೇಳಬೇಕಿತ್ತು: "ಸೀಟು, ಕನ್ನಡಿ, ಬೆಲ್ಟು, ಬಟನ್ನು." ಮೊದಲ ಮೂರನ್ನು ಸರಿಮಾಡಿಕೊಳ್ಳುವುದು, ನಾಲ್ಕನೆಯದನ್ನು ಒತ್ತಿ ಹಿಡಿದು ಆಫ್ ಮಾಡುವುದು.

ಜಾರುವ ಕಾರಿನ ಚಿತ್ರವಿದ್ದ ಆ ಬಟನ್ನನ್ನು ಕಂಡರೆ ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು. ಕಾರು ಜಾರಿದರೆ ಅದು ತಾನಾಗಿಯೇ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ದಾರಿಗೆ ತರುತ್ತದಂತೆ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಮತ್ತೆ ಆನ್ ಆಗಿ ಕೂರುತ್ತದೆ ಬೇರೆ.

"ಕಾರು ಓಡಿಸೋದು ನೀನಾ, ಅದಾ?" ಎಂದು ಗದರುತ್ತಿದ್ದರು. "ಎಲ್ಲಾ ಅದೇ ಮಾಡಿದ್ರೆ ನಿನ್ನ ಕೈ ಕಲಿಯೋದು ಯಾವಾಗ?"

ಅವರ ಶಿಷ್ಯರಲ್ಲೆಲ್ಲ ಜಾಣೆ ಅವರ ಒಬ್ಬಳೇ ಮಗಳು. ಒಂದು ಬೆಳಿಗ್ಗೆ ಇಂಜಿನ್ ಆರಿಸದೆಯೇ ತನ್ನ ಮಗುವನ್ನು ಸ್ಕೂಲಿಗೆ ಇಳಿಸಿ ವಾಪಸು ಬರುವಾಗ ಒದ್ದೆ ತಿರುವಿನಲ್ಲಿ ನಾಯಿ ಅಡ್ಡ ಬಂತು. ಸ್ಟೀರಿಂಗ್ ಎಳೆದಳು. ಕಾರು ಗಿರಕಿ ಹೊಡೆದು, ಅವಳು ಕೂತ ಕಡೆಯಿಂದಲೇ ಹೋಗಿ ಗೋಡೆಗೆ ಬಡಿಯಿತು. ಮನೆಗೆ ಅವಳು ಬರಲಿಲ್ಲ.

ಬಂದವರೆಲ್ಲ ಹಣೆಬರಹ ಎಂದರು. ಮೇಷ್ಟ್ರು ತಲೆಯಾಡಿಸಿದರು. ತಲೆಯೊಳಗೆ ಮಾತ್ರ ಒಂದೇ ಪ್ರಶ್ನೆ ಹುಳದ ಹಾಗೆ ಕೊರೆಯುತ್ತಿತ್ತು: ಅವತ್ತು ಅವಳು ಬಟನ್ನು ಒತ್ತಿದ್ದಳಾ?

ಮಳೆ ಬಂದು ನಿಂತ ಒಂದು ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನ ಕಾರು ತೆಗೆದುಕೊಂಡು ಕಲಿಸುವ ಮೈದಾನಕ್ಕೆ ಒಬ್ಬರೇ ಹೋದರು. ಮೊದಲು ಬಟನ್ನು ಮುಟ್ಟದೆ ವೇಗವಾಗಿ ಬಂದು, ಎದುರಿಗೆ ನಾಯಿ ಇದೆ ಅಂದುಕೊಂಡು ಸ್ಟೀರಿಂಗ್ ಎಳೆದರು. ಕಾರು ಗರಗರ ಅಂದಿತು, ಒಂದು ಸಲ ಮೈ ಒದರಿತು, ದಾರಿ ಬಿಡಲಿಲ್ಲ. ಆಮೇಲೆ ಬಟನ್ನು ಒತ್ತಿದರು. ಹಳದಿ ದೀಪ ಹತ್ತಿತು. ಅದೇ ವೇಗ, ಅದೇ ಜಾಗ. ಕಾರಿನ ಹಿಂಭಾಗ ಬುಗುರಿಯ ಹಾಗೆ ಸುತ್ತಿ, ಮೂತಿ ಬಂದ ದಾರಿಗೇ ತಿರುಗಿ ನಿಂತಿತು.

ಕೈ ತಪ್ಪು ಮಾಡಿರಲಿಲ್ಲ, ಕಲಿಸಿದ ಹಾಗೆಯೇ ತಿರುಗಿಸಿತ್ತು. ಕೈಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಮನುಷ್ಯನ ಕಾಲಿಗೆ ಇರುವುದು ಒಂದೇ ಬ್ರೇಕ್ ಪೆಡಲು. ನಾಲ್ಕರಲ್ಲಿ ಒಂದೇ ಚಕ್ರ ಹಿಡಿಯುವುದು ಯಾವ ಮೇಷ್ಟ್ರಿಂದಾದೀತು? ಜೀವಮಾನವೆಲ್ಲ ಇದನ್ನೇ ಕಲಿಸಿದವರು ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು.

ಅಲ್ಲಿಂದ ನೇರ ಅಳಿಯನ ಮನೆಗೆ ಹೋದರು. ಅವನು ಮಗಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದ.

"ಅವಳು ಆ ಬಟನ್ ಆಫ್ ಮಾಡ್ತಿದ್ದಳೇನಪ್ಪಾ? ಇದ್ದದ್ದು ಇದ್ದ ಹಾಗೆ ಹೇಳು."

ಅಳಿಯ ತಲೆ ಎತ್ತಲಿಲ್ಲ. "ಇಲ್ಲ ಮಾವ. ಲೈಸೆನ್ಸ್ ಸಿಕ್ಕ ಮೇಲೆ ನಿಮ್ಮ ಪಾಠ ಯಾರು ಕೇಳ್ತಾರೆ? ನಿಮ್ಮನ್ನ ಅಣಕಿಸಿ ನಗ್ತಿದ್ಲು ಅಷ್ಟೇ." ಹಾಗಂದು, ಆಗಲೇ ಇಸ್ತ್ರಿಯಾಗಿದ್ದ ತೋಳನ್ನೇ ಮತ್ತೆ ತಿಕ್ಕತೊಡಗಿದ.

ಮೇಷ್ಟ್ರ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಅಪ್ಪನ ಮಾತು ಕೇಳದ ಮಗಳ ಮೇಲೆ ಅವರಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಅವತ್ತು ಹೊಟ್ಟೆ ತುಂಬ ಉಂಡರು.

ಮರುದಿನ ಮೊಮ್ಮಗಳನ್ನು ಸ್ಕೂಲಿಗೆ ಬಿಡಲು ತಾವೇ ಹೊರಟರು. ಹಿಂದಿನ ಸೀಟಿನಲ್ಲಿ ಕೂತ ಮಗು ಕಾಲಾಡಿಸುತ್ತ ರಾಗ ತೆಗೆಯಿತು: "ಸೀಟು, ಕನ್ನಡಿ, ಬೆಲ್ಟು..." ಅಲ್ಲಿಗೆ ನಿಲ್ಲಿಸಿ ಕಾಯಿತು. "ತಾತ, ಬಟನ್ನು?"

ಮೇಷ್ಟ್ರ ಕೈ ಕೀಲಿಯ ಮೇಲೆಯೇ ಉಳಿಯಿತು. "ಇದನ್ನ ಯಾರು ಹೇಳಿಕೊಟ್ರು ಪುಟ್ಟಿ?"

"ಅಮ್ಮ. ದಿನಾ ನಾನು ಹೇಳ್ತಿದ್ದೆ, ಅಮ್ಮ ಒತ್ತುತ್ತಿದ್ಲು. ಮರೆತರೆ ತಾತ ಬೈತಾರೆ ಅಂತಿದ್ಲು." ಮಗು ಹೆಮ್ಮೆಯಿಂದ ಮುಂದೆ ಬಾಗಿತು. "ಲಾಸ್ಟ್ ದಿನ ಅಮ್ಮ ಮರೆತೇಬಿಟ್ಟಿದ್ಲು ತಾತ. ನಾನೇ ನೆನಪು ಮಾಡಿದೆ."

ಅಳಿಯ ಸುಳ್ಳು ಹೇಳಿದ್ದು ಮಾವನೊಬ್ಬನಿಗಾಗಿ ಅಲ್ಲ ಎಂದು ಮೇಷ್ಟ್ರಿಗೆ ಆಗ ತಿಳಿಯಿತು. ಕನ್ನಡಿಯಲ್ಲಿ ಮಗುವಿನ ಮುಖ ಕಾಣುತ್ತಿತ್ತು, ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತಿತ್ತು.

"ಒತ್ತಲ್ವಾ ತಾತ? ಅದು ಏನು ಮಾಡುತ್ತೆ?"

ಆ ಬಟನ್ನು ಮುಟ್ಟಬೇಡಿ ಎಂದು ಡ್ರೈವಿಂಗ್ ಸ್ಕೂಲಿಗೆ ಬರುವ ಪ್ರತಿಯೊಬ್ಬರಿಗೂ ಕೂಗಿ ಹೇಳಬೇಕು ಅಂದುಕೊಂಡಿದ್ದ ಮಾತು ಅವರ ಗಂಟಲಲ್ಲೇ ಇತ್ತು. ಅದನ್ನು ನುಂಗಿಕೊಂಡರು.

"ಏನೂ ಮಾಡಲ್ಲ ಪುಟ್ಟಿ. ಸುಮ್ನೆ ಒಂದು ಹಳದಿ ದೀಪ ಹತ್ತುತ್ತೆ. ಇನ್ಮೇಲೆ ಮೂರೇ ಸಾಕು."

ಮಗು ಒಪ್ಪಿತು. ದಾರಿಯುದ್ದಕ್ಕೂ ಹಿಂದಿನಿಂದ ಮೂರೇ ಮಾತು ಹಾಡುತ್ತ ಬಂತು. ಪ್ರತಿ ಸಲ ರಾಗ ನಾಲ್ಕನೆಯದರ ಹತ್ತಿರ ಬಂದು ತಡವರಿಸಿ ನಿಲ್ಲುತ್ತಿತ್ತು, ಮೇಷ್ಟ್ರು ಕಣ್ಣೊರೆಸಿಕೊಂಡು ಗೇರು ಬದಲಾಯಿಸುತ್ತಿದ್ದರು.