ಕಿಟಕಿಯಿಂದ ಎಣಿಸಿದ ಟೊಮೇಟೊ

ಅಕ್ಕನಿಗೆ ಗಿಡದ ಮೇಲೆ ನಂಬಿಕೆ, ತಂಗಿಗೆ ಗೆರೆಯ ಮೇಲೆ. ಒಂದೇ ಬೀಜದ ಕಂಪನಿಯಲ್ಲಿ ಅಕ್ಕ ಹಸಿರುಮನೆ ನೋಡಿಕೊಂಡರೆ ತಂಗಿ ಅದರ ಹಿಂದಿನ ಪ್ರಯೋಗಾಲಯದಲ್ಲಿದ್ದಳು. ಕಾಡು ಟೊಮೇಟೊವನ್ನು ನಮ್ಮ ಟೊಮೇಟೊಗೆ ಕೂಡಿಸಿ, ಎಲೆ ಮುದುರು ರೋಗಕ್ಕೆ ಜಗ್ಗದ ತಳಿ ಮಾಡಬೇಕೆಂಬುದು ಇಬ್ಬರ ಹಟ. ಸಸಿ ಎರಡೆಲೆ ಬಿಡುತ್ತಲೇ ತಂಗಿ ಎಲೆಯ ಚೂರು ಕತ್ತರಿಸಿ ಡಿಎನ್‌ಎ ತೆಗೆಯುತ್ತಿದ್ದಳು. ರೋಗ ತಡೆಯುವ ಜೀನು ಕಾಡಿನಿಂದ ಬಂದಿದ್ದರೆ ಡಿಎನ್‌ಎ ಪರೀಕ್ಷೆಯ ಚಿತ್ರದಲ್ಲಿ ಆ ಸಸಿಗೆ ಒಂದು ಗೆರೆ ಹೆಚ್ಚು. ಗೆರೆ ನಂಬಿ ಆರಿಸಿದರೆ ರೋಗ ಬರಲೆಂದು ಕಾದು ಕೂರುವ ಗೋಜಿಲ್ಲ. ಅದನ್ನು ಸಾಬೀತು ಮಾಡಲೆಂದೇ ಈ ಸಲ ಒಂದು ಮೇಜಿನ ತುಂಬ ಸಸಿಗಳ ಮೇಲೆ, ರೋಗ ಹರಡುವ ಬಿಳಿನೊಣ ಬಿಟ್ಟಿದ್ದರು.

ಈಗ ನೋಡಿದರೆ, ಬೆಟ್ಟ ಅಗೆದು ಇಲಿಯೂ ಸಿಕ್ಕಿರಲಿಲ್ಲ. ಗೆರೆ ಇದೆ ಎಂದು ನೀಲಿ ಕಡ್ಡಿ ನೆಟ್ಟ ಗಿಡಗಳಲ್ಲಿ ಅರ್ಧ ಮುದುರಿದ್ದವು. ಕಡ್ಡಿಯೇ ಇಲ್ಲದ ಎಷ್ಟೋ ಗಿಡಗಳು ಹಸಿರಾಗಿ ನಿಂತಿದ್ದವು.

"ಸಾಕಮ್ಮ. ನಾಳೆಯಿಂದ ಈ ಹಸಿರುಮನೆ ಸೌತೆಕಾಯಿ ತಂಡದವರಿಗೆ. ಇವನ್ನೆಲ್ಲ ಕಿತ್ತು ಸುಟ್ಬಿಡಿ," ಎಂದರು ಗಿಡ ನೋಡಲು ಬಂದ ಕಂಪನಿಯ ದೊಡ್ಡ ಸಾಹೇಬರು.

ಇಷ್ಟು ವರ್ಷದ ದುಡಿಮೆ ಬೂದಿಯಾಗುವುದನ್ನು ನೆನೆದೇ ತಂಗಿಗೆ ಅಳು ಬಂತು.

"ಅಕ್ಕಾ, ಸಸಿ ಅದಲುಬದಲು ಮಾಡಿದ್ಯಾ?"

"ನನ್ನ ತಲೆಗೆ ಕಟ್ಬೇಡ. ಒಂದನ್ನೂ ಅಲುಗಾಡಿಸಿಲ್ಲ. ನೀನು ಕೊಟ್ಟ ಚಿತ್ರ ಹಿಡ್ಕೊಂಡು, ಬಾಗಿಲಿಂದ ಎಣಿಸಿ ಕಡ್ಡಿ ನೆಟ್ಟಿದ್ದೀನಿ."

"ಬಾಗಿಲಿಂದಾನಾ?"

"ಮತ್ತೆ? ಮನೆ ಅಂದ್ಮೇಲೆ ಮೊದಲು ಬಾಗಿಲೇ ಅಲ್ವೇನೆ?"

ತಂಗಿ ಎಲೆ ಕತ್ತರಿಸಿದ್ದು ಬೆಳಕು ಚೆನ್ನಾಗಿದೆಯೆಂದು ಕಿಟಕಿಯ ತುದಿಯಿಂದ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಯಾರು ಎತ್ತು, ಯಾರು ಕೋಣ ಎಂಬುದನ್ನು ಅವರವರೇ ತೀರ್ಮಾನಿಸಿಕೊಳ್ಳಲಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಸಾಹೇಬರು ನಕ್ಕರು.

ತಂಗಿಗೆ ರೇಗಿತು. "ಸರ್, ನಾನು ಗಿಡಗಳಿಗೆ ಬೆನ್ನು ಹಾಕಿ ನಿಲ್ತೀನಿ. ಚಿತ್ರ ನೋಡಿ, ಕಿಟಕಿ ಕಡೆಯಿಂದ ಒಂದೊಂದೇ ಹೇಳ್ತೀನಿ. ಒಂದೇ ಒಂದು ತಪ್ಪಾದ್ರೂ ನಾನೇ ಬೆಂಕಿ ಹಚ್ತೀನಿ."

ಸಾಹೇಬರು ಕಿಟಕಿಯ ಬಳಿ ನಿಂತರು.

"ಮುದುರು," ಎಂದಳು.

"ಹ್ಞೂಂ."

"ಹಸಿರು. ಮತ್ತೂ ಹಸಿರು. ಮುದುರು."

ಸಾಲು ಮುಗಿಯಿತು, ಇನ್ನೊಂದು ಸಾಲೂ ಮುಗಿಯಿತು. ಸಾಹೇಬರ ಹ್ಞೂಂಕಾರದಲ್ಲಿದ್ದ ಗತ್ತು ಇಳಿಯಿತು. ಆಮೇಲೆ, "ಹಸಿರು" ಎಂದಾಗ ಸಾಹೇಬರು ಒಂದು ಗಿಡದತ್ತ ಬಗ್ಗಿದರು.

"ತಪ್ಪು. ಇದು ಜೋತುಬಿದ್ದಿದೆ."

ಆದರೂ ತಂಗಿ ತಿರುಗಿ ನೋಡಲಿಲ್ಲ. ಅಕ್ಕ ಕುಂಡದ ಮಣ್ಣಿಗೆ ಬೆರಳು ಚುಚ್ಚಿದಳು. "ಒಣಗಿದೆ ಸರ್, ನೀರಿನ ಕೊಳವೆ ಕಟ್ಕೊಂಡಿದೆ. ಬಾಡೋದೇ ಬೇರೆ, ಮುದುರೋದೇ ಬೇರೆ."

ಸಾಹೇಬರೂ ಗಿಡ ಬೆಳೆಸಿಯೇ ಮೇಲೆ ಬಂದವರು. ಎಲೆ ತಿರುವಿ ನೋಡಿ, "ನಿಜ. ರೋಗ ಇಲ್ಲ. ಮುಂದೆ ಹೇಳಮ್ಮ, ಬೇಗ!" ಎಂದರು.

ಅಲ್ಲಿಂದ ಬಾಗಿಲಿನವರೆಗೂ ಒಂದೂ ತಪ್ಪಲಿಲ್ಲ.

"ಕೊನೇದು, ಹಸಿರು."

"ಹಸಿರೇ ಕಣಮ್ಮಾ!" ಸಾಹೇಬರು ಚಪ್ಪಾಳೆ ತಟ್ಟಿಯೇಬಿಟ್ಟರು.

ಅಕ್ಕ ಮಣ್ಣುಗೈಯಲ್ಲೇ ತಂಗಿಯನ್ನು ಬಾಚಿ ತಬ್ಬಿದಳು. ಇಬ್ಬರಿಗೂ ನಗುವೋ ಅಳುವೋ ತಿಳಿಯದಷ್ಟು ಖುಷಿಯಾಗಿತ್ತು. ಹೊರಡುವಾಗ ಸಾಹೇಬರು ಬಾಗಿಲಲ್ಲಿ ತಿರುಗಿ ನಿಂತರು. ಸುಟ್ಟುಬಿಡಿ ಎಂದ ಅದೇ ಬಾಯಲ್ಲಿ, "ಈ ಗಿಡಗಳ ಒಂದೆಲೆ ಉದುರಿದ್ರೂ ನನಗೆ ಫೋನ್ ಬರ್ಬೇಕು," ಎಂದರು.