ಬೂಷ್ಟಿನಲ್ಲಿ ಬೆಳೆದ ಭಾವನ ಮುಖ

ನಮ್ಮಕ್ಕ ದುರ್ಗಮ್ಮನ ಹತ್ತಿರ ತೀರಿಹೋದ ಗಂಡ ಹನುಮಂತಯ್ಯನದು ಅಂತ ಇದ್ದದ್ದು ಒಂದೇ ಫೋಟೋ. ಗೋಡೆಯ ಥಂಡಿಗೆ ಅದು ಬೂಷ್ಟು ಹಿಡಿದು ಮುಖವೇ ಅಳಿಸಿಹೋಯಿತು. ವರ್ಷದ ಎಡೆಯನ್ನು ಯಾವ ಮುಖದ ಮುಂದೆ ಇಡಲಿ ಎಂಬುದೇ ಅವಳ ಕೊರಗಾಯಿತು.

ಶಿವನಿ ಸ್ಟೇಷನ್ ಹಿಂದಿನ ಹಳೇ ಗೋದಾಮಿನಲ್ಲಿ ಕಲಾವಿದೆ ಭವ್ಯ, ಅಣಬೆ ವಿಜ್ಞಾನಿ ಧನಪಾಲ್ ಇಬ್ಬರೂ ಸೇರಿ ಬೂಷ್ಟಿನಿಂದ ಮೂರ್ತಿ ಬೆಳೆಸುತ್ತಿದ್ದರು. ಅಕ್ಕ ಅಲ್ಲಿಗೇ ಹೋದಳು. ಒಬ್ಬಳನ್ನೇ ಬಿಡಲಾರದೆ ನಾನೂ ಹೋದೆ. ಬಾಗಿಲು ತೆಗೆದೊಡನೆ ಹಳಸಿದ ಅನ್ನ, ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯಿತು.

ಭಾವನನ್ನೇ ಹೋಲುವ ಅವನ ತಮ್ಮನನ್ನು ಎದುರಿಗೆ ಕೂರಿಸಿಕೊಂಡು, ಅಕ್ಕ "ಮೂಗು ಇನ್ನೊಸಿ ದಪ್ಪ ಕಣವ್ವಾ" ಎಂದಂತೆಲ್ಲ ಭವ್ಯ ಜೇಡಿಮಣ್ಣು ತಿದ್ದಿದಳು. ಅದರಿಂದ ಅಚ್ಚು ತೆಗೆದರು. ತೆಂಗಿನ ನಾರಿನ ಪುಡಿಗೆ ಅಣಬೆ ಬೀಜ ಕಲಸಿ ಧನಪಾಲ್ ಅದರೊಳಗೆ ತುಂಬಿದ. ಕೆಲವೇ ದಿನಕ್ಕೆ ಬೂಷ್ಟಿನ ಬಿಳೀ ಎಳೆ ಹಬ್ಬಿ ಪುಡಿಯೆಲ್ಲ ಕಚ್ಚಿಕೊಂಡಿತು. ಅಚ್ಚು ಬಿಡಿಸಿದರೆ ಭಾವನ ಮುಖವೇ, ಆದರೆ ನೀರಲ್ಲಿ ನೆನೆದ ಹೆಣದ ಬಣ್ಣ. ಮುಟ್ಟಿದೆ. ಬೆಚ್ಚಗಿತ್ತು! ಬೆರಳನ್ನು ಸೆರಗಿಗೆ ಒರೆಸಿಕೊಂಡೆ, ಮತ್ತೂ ಒರೆಸಿಕೊಂಡೆ.

"ಇದಿನ್ನೂ ಜೀವಂತ ಐತೆ ಅಜ್ಜಿ. ಓವನ್‌ನಲ್ಲಿ ಸುಟ್ಟು ಸಾಯಿಸ್ಬೇಕು," ಎಂದ ಧನಪಾಲ್.

"ಸುಡೋದಾ? ನಾವು ಮಣ್ಣು ಮಾಡೋ ಜನ ಕಣಪ್ಪಾ. ಸತ್ತಾಗ್ಲೇ ಬೆಂಕಿ ಇಕ್ಲಿಲ್ಲ, ಈಗ ಇಕ್ತೀಯಾ?" ಎಂದಳು ಅಕ್ಕ.

"ಹಂಗಾದ್ರೆ ನೀರಂತೂ ಸೋಕಿಸ್ಬ್ಯಾಡಿ."

ಅಕ್ಕ ಹೂಂ ಎಂದು ಮನೆಗೆ ತಂದಳು. ಆದರೆ ಮುಖ ತೊಳೆಸದೆ ಗಂಡನನ್ನು ಕೂರಿಸುವುದು ಅವಳಿಂದ ಆಗಲಿಲ್ಲ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚಿದಳು. ಎಡೆಯ ದಿನ ಬೆಳಿಗ್ಗೆ ನೋಡಿದರೆ ಮೂಗಿನ ಹೊಳ್ಳೆಯಿಂದ, ಬಾಯಿಂದ ಬೂದು ಅಣಬೆಗಳು ಲೋಳೆಲೋಳೆಯಾಗಿ ಕೊಡೆ ಬಿಚ್ಚಿವೆ. ತುಟಿಯ ಮೇಲೆ ಸಣ್ಣ ನೊಣಗಳು ಮುತ್ತಿವೆ.

ಸುದ್ದಿ ತಿಳಿದು ಭವ್ಯ ಓಡಿಬಂದಳು. "ಅಯ್ಯೋ, ಎಷ್ಟು ಚೆಂದ! ಕಡೂರಿನ ಪ್ರದರ್ಶನಕ್ಕೆ ಹೀಗೇ ಕೊಡಿ ಅಜ್ಜಿ. ನಿಮಗೆ ಬೇರೆ ಮಾಡ್ಕೊಡ್ತೀನಿ."

"ಚೆಂದಾನಾ? ನಿಮ್ಮಪ್ಪನ ಮೂಗಲ್ಲಿ ಬೆಳಸ್ಕೋ ಹೋಗೇ!" ಎಂದೆ ನಾನು. "ಅಕ್ಕಾ, ತಿಪ್ಪೆಗೆ ಎಸಿ ಇದನ್ನ. ಥೂ, ಹೇಸಿಗೆ."

ಅಕ್ಕ ಒಳಗೆ ಹೋಗಿ ಕತ್ತರಿ ತಂದಳು.

"ಬದುಕಿದ್ದಾಗ್ಲೂ ಹಿಂಗೇ. ಮೂಗಿನ ಕೂದ್ಲು ಮೀಸೆ ಮ್ಯಾಲೆ ಇಳಿದ್ರೂ ಕತ್ತರಿಸ್ಕೊಳೋನಲ್ಲ. ನಾನೇ ಹಿಡ್ಕೊಂಡು ಕತ್ತರಿಸ್ಬೇಕಿತ್ತು." ಗದ್ದ ಹಿಡಿದು ಗದರಿದಳು: "ಅಲ್ಲಾಡ್ಬ್ಯಾಡ."

ಕತ್ತರಿ ಆಡಿದಂತೆ ಅವಳ ಬೆರಳಿಗೆ ಕಂದು ನೀರು ಇಳಿಯಿತು. ಭವ್ಯ ಮೊಬೈಲ್ ತೆಗೆದವಳು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಅಕ್ಕ ಎಡೆ ಇಟ್ಟಳು. ಊದುಬತ್ತಿಯ ಹೊಗೆಗೂ ಆ ವಾಸನೆ ಜಗ್ಗಲಿಲ್ಲ. ಆಮೇಲೆ ಎಡೆಯ ಅನ್ನ ಕಲಸಿ, ತೊಳೆಯದ ಅದೇ ಕೈಯಿಂದ ಮೊದಲ ತುತ್ತನ್ನು ನನ್ನ ಬಾಯಿಗೆ ಹಿಡಿದಳು. ಎಷ್ಟೋ ಕಾಲದ ಮೇಲೆ ಅವಳ ಮುಖದಲ್ಲಿ ನೆಮ್ಮದಿಯಿತ್ತು.

ಉಸಿರು ಬಿಗಿಹಿಡಿದು, ಅಗಿಯದೆ ನುಂಗಿದೆ.