ಮೊಳೆ ಹೊಡೆದ ಕಿಟಕಿಗಳು

ಪ್ರಭುಲಿಂಗಪ್ಪನ ಬ್ಯಾಡಗಿ ಮನೆ ಕೊಳ್ಳುವುದು ನಮಗೆ ಬೇಡ ಎಂದು ಸುಧಾರಾಣಿ ಹೇಳಿದ್ದು ಇದು ನಾಲ್ಕನೇ ಸಲ. ಯಾರಾದರೂ ಕಿವಿಗೆ ಹಾಕಿಕೊಂಡರೆ ತಾನೇ? ಪ್ರಭುಲಿಂಗಪ್ಪ ಅತ್ತೆ ಗದಿಗೆವ್ವನ ಒಡಹುಟ್ಟಿದ ತಮ್ಮ, ಗಂಡ ಪ್ರವೀಣಕುಮಾರನ ಸೋದರಮಾವ. ಸೋದರಮಾವನ ಮನೆಯಲ್ಲಿ ಹುಳುಕು ಹುಡುಕುವ ಇವಳೆಂಥ ಸೊಸೆ ಎಂದು ಅತ್ತೆ ಹಾವೇರಿಯ ಬಾಡಿಗೆ ಮನೆಯಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದಳು.

ಸುಧಾರಾಣಿಗೆ ಬೇಕಾಗಿದ್ದುದು ರಾಣೆಬೆನ್ನೂರಿನ ಹೊಸ ಬಡಾವಣೆಯ ಮನೆ. ಆರ್‌ಸಿಸಿ ಕಟ್ಟಡ, ಎರಡೇ ಕೋಣೆ, ಆದರೆ ನಾಲ್ಕೂ ಕಡೆಯಿಂದ ಗಾಳಿ. ಮಗಳು ಭುವನಾಗೆ ಆರು ವರ್ಷ, ಹಾಲುಗೂಸಾಗಿದ್ದಾಗಿನಿಂದ ದಮ್ಮು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಅವಳ ಎದೆ ಸುಯ್‌ಗುಡುತ್ತಿತ್ತು. ಹೋದ ಚಳಿಗಾಲದಲ್ಲಿ ಮೂರು ಸಲ ಆಸ್ಪತ್ರೆ ಸೇರಿ ಬಂದಿದ್ದಳು. ಆ ಮಾತು ತೆಗೆದರೆ ಸಾಕು, ಅದು ನಿಮ್ಮ ತವರಿನಿಂದ ಬಂದ ಬಳುವಳಿ ಎಂದು ಅತ್ತೆ ಕುಟುಕುತ್ತಿದ್ದಳು. ಗಂಡನೋ, ರಾಣೆಬೆನ್ನೂರಿನದು ಬೆಂಕಿಪೊಟ್ಟಣ, ಮಾವನದು ಅರಮನೆ ಎಂದು ಮಾತು ಮುಗಿಸಿಬಿಡುತ್ತಿದ್ದ.

ಅರಮನೆ ಹೌದೇ ಹೌದು, ಸುಳ್ಳೇಕೆ ಹೇಳಬೇಕು? ತೇಗದ ಕಂಬ, ಮೊಳ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ಬಿರುಬೇಸಿಗೆಯಲ್ಲೂ ತಣ್ಣಗಿರುವ ಪಡಸಾಲೆ. ಭುವನಾಳನ್ನು ಶಾಲೆಗೆ ಕಳಿಸಿ ಗಂಡ, ಅತ್ತೆಯ ಜೊತೆ ಮನೆ ನೋಡಲು ಬಂದ ಆ ದಿನವೂ ಪ್ರಭುಲಿಂಗಪ್ಪ ಕಂಬ ತಟ್ಟಿ ತಟ್ಟಿ ತೋರಿಸಿದ. ಸುಧಾರಾಣಿ ಕಿಟಕಿಗಳನ್ನು ತಟ್ಟಿದಳು. ಒಂದೂ ಅಲ್ಲಾಡಲಿಲ್ಲ. ಹೊಸ ಬಣ್ಣದ ಕೆಳಗೆ ಮೊಳೆಯ ತಲೆಗಳು ಬೆರಳಿಗೆ ಹತ್ತಿದವು. ಕೇಳಿದರೆ ಕಳ್ಳರ ಕಾಟ ಎಂದ. ಬೆಳಕಿಂಡಿಗೆ ಸಿಮೆಂಟು ಮೆತ್ತಿದ್ದಕ್ಕೆ ಮಳೆ ಕಾರಣ, ಅಡುಗೆಮನೆಯ ಹೊಗೆಗಿಂಡಿ ಮುಚ್ಚಿದ್ದಕ್ಕೆ ಬೆಕ್ಕು ಕಾರಣ. ಒಂದೊಂದು ತೂತಿಗೂ ಒಂದೊಂದು ನೆವ ಇಟ್ಟುಕೊಂಡಿದ್ದ ಪುಣ್ಯಾತ್ಮ.

ಮನೆಗೆ ಹಿತ್ತಲಿರಲಿಲ್ಲ. ಹಿಂದಿನ ಗೋಡೆಗೆ ಅಂಟಿಕೊಂಡೇ ಒಂದು ದೊಡ್ಡ ಶೆಡ್ಡಿತ್ತು. ಅದು ಯಾರದು ಎಂದರೆ, ಖಾಲಿ ಬಿದ್ದಿದೆ ಎಂದ. ಬ್ಯಾಡಗಿಯಲ್ಲಿ ಶೆಡ್ಡೆಂದರೆ ಮೆಣಸಿನಕಾಯಿಯದೇ; ಕಾಯಿ ಬರುವುದು ಸುಗ್ಗಿಗೆ, ಶ್ರಾವಣದಲ್ಲಿ ಶೆಡ್ಡು ಸುಮ್ಮನಿರದೆ ಇನ್ನೇನು? ಗಣೇಶ ಚೌತಿಯೊಳಗೆ ಸಂಚಕಾರದ ಹಣ ಕೊಟ್ಟು ವ್ಯಾಪಾರ ಕುದುರಿಸಿಬಿಡಿ ಎಂದು ಇವನು ಯಾಕೆ ಅವಸರ ಮಾಡುತ್ತಿದ್ದಾನೆಂದು ಹೊಳೆದಾಗ ಅವಳಿಗೆ ಮೈಯೆಲ್ಲ ಉರಿಯಿತು. ಸುಗ್ಗಿ ಬರುವ ಮುಂಚೆ ನಮ್ಮ ಕೊರಳಿಗೆ ಕಟ್ಟುವ ಅವಸರವೇ ಎಂದು ಬಾಯಿಬಿಟ್ಟು ಕೇಳಿಯೂ ಬಿಟ್ಟಳು.

ಪ್ರವೀಣಕುಮಾರ ಅವಳ ರಟ್ಟೆ ಹಿಡಿದು ಮೂಲೆಗೆ ಎಳೆದ.

"ಮಾವನ ಮುಂದ ನನ್ನ ಮಾನ ಕಳೀಬ್ಯಾಡ. ಬಾಯಿ ಮುಚ್ಚಿಕೊಂಡು ಕುಂದ್ರು."

ಕುಳಿತಳು. ರಟ್ಟೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು.

ಸಂಚಕಾರ ಕೊಡುವ ಮುಂಚೆ ಇಷ್ಟು ಚಂದದ ಮನೆಗೆ ದೃಷ್ಟಿ ತೆಗೆಯಬೇಕೆಂದು ಗದಿಗೆವ್ವನಿಗೆ ನೆನಪಾಯಿತು. ಐದು ಮೆಣಸಿನಕಾಯಿ, ಒಂದು ಹಿಡಿ ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕೆಂದು ಸೊಸೆಗೆ ಹೇಳಿದಳು. ಸೊಸೆ ಬಾಯಿ ಮುಚ್ಚಿಕೊಂಡೇ ಎದ್ದಳು. ನೀರು ಎಷ್ಟು ಬೇಗ ಕಾಯುತ್ತದೆಂದು ತೋರಿಸಲು ಪ್ರಭುಲಿಂಗಪ್ಪ ಬಚ್ಚಲ ಒಲೆ ಹೊತ್ತಿಸಿದ್ದ. ಅದರ ಕೆಂಡವನ್ನು ಹಂಚಿನ ಚೂರಿನಲ್ಲಿ ತಂದು ಪಡಸಾಲೆಯ ನಡುವೆ ಇಟ್ಟಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಬರವೇ? ಐದಲ್ಲ, ಮೂಲೆಯಲ್ಲಿದ್ದ ಚೀಲದಿಂದ ಒಂದು ಬೊಗಸೆ ಸುರಿದಳು. ಮೂವರೂ ಬೆಪ್ಪಾಗಿ ನೋಡುತ್ತಿದ್ದಂತೆ ಹೊರಗೆ ಹೋಗಿ ತಲೆಬಾಗಿಲು ಎಳೆದು ಚಿಲಕ ಹಾಕಿದಳು.

ಒಳಗೆ ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಬಾಗಿಲು ಬಡಿಯುವ ಸದ್ದು. ಅವಳು ಚಿಲಕದ ಮೇಲಿಂದ ಕೈ ತೆಗೆಯಲಿಲ್ಲ.

"ಕಿಟಕಿ ತಗೀರಿ, ಮಾವಾರ," ಎಂದಳು.

"ಮೊಳಿ ಹೊಡದೇನಿ. ಲಗೂ ಬಾಗಲಾ ತಗಿಯವ್ವಾ."

"ಯಾಕ ಹೊಡದ್ರಿ? ಖರೇ ಹೇಳ್ರಿ, ತಗೀತೀನಿ."

ಹೇಳಿ ಸಾಯೋ ಎಂದು ಗದಿಗೆವ್ವ ತಮ್ಮನಿಗೆ ಬೈಯುವುದು ಕೇಳಿಸಿತು.

"ಹಿಂದ ಇರೋದು ಖಾರದಪುಡಿ ಗಿರಣಿ," ಎಂದ ಪ್ರಭುಲಿಂಗಪ್ಪ. "ಸುಗ್ಗ್ಯಾಗ ಧೂಳು ತಡಕೊಳ್ಳಾಕ ಆಗಂಗಿಲ್ಲ. ನಮ್ಮ ಮೊಮ್ಮಗಗ ಕೆಮ್ಮು ಹತ್ತಿತ್ತು. ಅದಕ್ಕ ಬಿಟ್ಟು ಹ್ವಾದ್ವಿ."

ಚಿಲಕ ತೆಗೆದಳು. ಮೂವರೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಬಂದು ಬಿದ್ದರು. ಮೊದಲು ಸುಧಾರಿಸಿಕೊಂಡವನು ಪ್ರವೀಣಕುಮಾರ. ನನ್ನ ಅವ್ವನನ್ನು ಕೊಲ್ಲಲು ಹೊರಟಿದ್ದೀಯಾ ಎಂದು ಕೈ ಎತ್ತಿಕೊಂಡು ಬಂದ. ಸುಧಾರಾಣಿ ಹಿಂದೆ ಸರಿಯಲಿಲ್ಲ.

"ನಿಮಗ ಎರಡ ನಿಮಿಷ ಆತು," ಎಂದಳು. "ನನ್ನ ಮಗಳು ಇದರಾಗ ಇಡೀ ಸುಗ್ಗಿ ಮಲಗಬೇಕಿತ್ತು."

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಗದಿಗೆವ್ವ ಎದ್ದು ಬಂದು ಮಗನ ಜೇಬಿನಿಂದ ಸಂಚಕಾರದ ಲಕೋಟೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕಾ, ಕುಂದ್ರು ಎಂದ ತಮ್ಮನ ಕಡೆ ತಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸಿನಲ್ಲಿ ಅತ್ತೆ, ಮಗ, ಸೊಸೆ ಮೂವರೂ ಮೂರು ಸೀಟಿನಲ್ಲಿ ಕುಳಿತರು. ಮೋಟೆಬೆನ್ನೂರು ದಾಟಿದ ಮೇಲೆ ಗದಿಗೆವ್ವ ಎದ್ದು ಬಂದು ಸೊಸೆಯ ಪಕ್ಕ ಕುಳಿತಳು. ಅವಳ ಕಣ್ಣು ಇನ್ನೂ ಕೆಂಪಗಿದ್ದವು.

"ಚಿಲಕಾ ಹಾಕಿದ್ದನ್ನ ಸಾಯೂತನಾ ಮರಿಯಂಗಿಲ್ಲ," ಎಂದಳು. "ನಿನ್ನ ಸಂಗಟ ನನಗ ಮಾತಿಲ್ಲ. ನಾಳೆ ರಾಣೆಬೆನ್ನೂರ ಮನಿಗೆ ಬರತೀನಿ. ಕಿಟಕಿ ನಾನ ತಗದು ನೋಡತೀನಿ, ಭುವನಾನ ಖೋಲಿದು ಮೊದಲ."